ಗಂಗಾಬಾಯಿಯ ಬಲಗೈ

ಹೈದರಾಬಾದಿನ ನಾಚಾರಂ ಕೈಗಾರಿಕಾ ವಸಾಹತಿನ ಹಿಂದಿನ ಗಲ್ಲಿಯಲ್ಲಿ ಗಂಗಾಬಾಯಿಯ ಖಾನಾವಳಿ ಇದೆ. ಹೊಸಬರು ಯಾರಾದರೂ ಊಟಕ್ಕೆ ಬಂದು, ಆಕೆ ರೊಟ್ಟಿ ಬಡಿಯುವ ಚಂದವನ್ನು ನೋಡುತ್ತ ನಿಂತರೆ, ಆಕೆ ತಾನಾಗಿಯೇ ಬಲಗೈ ಎತ್ತಿ ತೋರಿಸುತ್ತಾಳೆ.

"ಇದನ್ನ ಲಕ್ವಾ ಒಯ್ದಿತ್ತು ನೋಡಪಾ. ಬೆನ್ನ ಹತ್ತಿ ಕಸ್ಕೊಂಡು ಬಂದೀನಿ."

ಪಾರ್ಶ್ವವಾಯುವಿಗೆ ನಮ್ಮ ಕಡೆಯವರು ಲಕ್ವಾ ಎನ್ನುತ್ತಾರೆ. ಆಸ್ಪತ್ರೆಯವರು ಸ್ಟ್ರೋಕ್ ಎನ್ನುತ್ತಾರೆ. ಆಕೆಗೆ ಅದು ಬಡಿದ ದಿನ ನಾನು ಅಲ್ಲೇ, ಎರಡನೆಯ ಬೆಂಚಿನ ಮೇಲೆ ಊಟಕ್ಕೆ ಕುಳಿತಿದ್ದೆ. ಹತ್ತಿರದ ಅಚ್ಚು ತಯಾರಿಸುವ ಕಾರ್ಖಾನೆಯಲ್ಲಿ ನನ್ನ ಕೆಲಸ. ಮಧ್ಯಾಹ್ನದ ಊಟಕ್ಕೆ ಆಕೆಯ ಖಾನಾವಳಿ ಬಿಟ್ಟರೆ ಬೇರೆ ಕಡೆ ಹೋದವನಲ್ಲ. ಹಾಗಾಗಿ ಈ ಕಥೆಯ ಬಹುಪಾಲನ್ನು ಕಣ್ಣಾರೆ ಕಂಡಿದ್ದೇನೆ. ಉಳಿದದ್ದನ್ನು ಆಕೆಯೇ ಹೇಳಿದ್ದಾಳೆ, ಅದೂ ಒಂದು ಸಲವಲ್ಲ.

ಗಂಗಾಬಾಯಿ ಸೇಡಂ ಕಡೆಯವಳು. ಮದುವೆಯಾದ ಹೊಸತರಲ್ಲಿ ಗಂಡ ಕಾಶಿನಾಥನ ಜೊತೆ ಹೈದರಾಬಾದಿಗೆ ಬಂದಳು. ಆತ ಗಾರೆ ಕೆಲಸದ ಗೌಂಡಿ, ಈಕೆ ತಲೆಯ ಮೇಲೆ ಬುಟ್ಟಿ ಹೊರುವವಳು. ಪಕ್ಕದ ಉಪ್ಪಲ್ ಇನ್ನೂ ಅರ್ಧ ಬಯಲಾಗಿದ್ದ ಕಾಲ ಅದು. ಈಗಲೂ ಮೆಟ್ರೊದಲ್ಲಿ ಹೋಗುವಾಗ ಕಿಟಕಿಯಿಂದ ಬೆರಳು ತೋರಿಸಿ, "ಆ ಕನ್ನಡಿ ಬಿಲ್ಡಿಂಗ್ ಐತಲ್ಲ, ಅದರ ಮ್ಯಾಲಿನ ಮಾಳಗಿತನಾ ಕಾಂಕ್ರೀಟ್ ಹೊತ್ತಾಕಿ ನಾನು" ಎನ್ನುತ್ತಾಳೆ. ಪಕ್ಕದವರಿಗೆ ಕನ್ನಡ ಬರಲಿ, ಬಿಡಲಿ, ಹೇಳಿಯೇ ತೀರುತ್ತಾಳೆ.

ಸಂಜೆ ಕೆಲಸ ಮುಗಿಸಿ ಬಂದು ಶೆಡ್ಡಿನ ಮುಂದೆ ಮೂರು ಕಲ್ಲಿಟ್ಟು ರೊಟ್ಟಿ ಬಡಿಯುತ್ತಿದ್ದಳು. ಯಾದಗಿರಿ, ರಾಯಚೂರು ಕಡೆಯಿಂದ ಒಂಟಿಯಾಗಿ ಬಂದ ಗಂಡಾಳುಗಳು ಆ ಸಪ್ಪಳ ಕೇಳಿ ಬಂದು ನಿಲ್ಲುತ್ತಿದ್ದರು. "ಅಕ್ಕಾ, ನಮಗೂ ಎರಡು." ಹೀಗೆ ಶುರುವಾದದ್ದು ಖಾನಾವಳಿಯಾಯಿತು. ಕಾಶಿನಾಥನಿಗೆ ಮೊಣಕಾಲು ನೋವು ಶುರುವಾದ ಮೇಲೆ ಆತ ಕರಣಿ ಬಿಟ್ಟು ಟ್ರಾಲಿ ಆಟೊ ಹಿಡಿದ. ದಿನವೂ ಮಧ್ಯಾಹ್ನ ಉಪ್ಪಲ್‌ನ ಕಟ್ಟಡದ ಸೈಟುಗಳಿಗೆ ಬುತ್ತಿ ಮುಟ್ಟಿಸುವುದು ಆತನ ಕೆಲಸ.

ಆಕೆಯ ರೊಟ್ಟಿ ಎಂದರೆ ಕಾಗದದಷ್ಟು ತೆಳುವು. ಅಂಚು ಎಲ್ಲೂ ಸೀಳಿರುವುದಿಲ್ಲ. ಸುತ್ತಲಿನ ಕಾರ್ಖಾನೆಗಳ ಸದ್ದಿನ ನಡುವೆಯೂ ಆಕೆಯ ಅಂಗೈ ಸಪ್ಪಳ ಗಲ್ಲಿಯ ತುದಿಗೆ ಕೇಳುತ್ತಿತ್ತು. ಪುಂಡಿಪಲ್ಯವನ್ನು ಗೋಂಗೂರ ಎಂದು ಕರೆದು, ಇದು ನಮ್ಮದೇ ಎಂದು ಬಡಿದಾಡುತ್ತ ತಿನ್ನುವ ತೆಲುಗು ಕೆಲಸಗಾರರೂ ರೊಟ್ಟಿಯ ವಿಷಯದಲ್ಲಿ ಮಾತ್ರ ಆಕೆಗೆ ಕೈಮುಗಿಯುತ್ತಿದ್ದರು.

ಒಮ್ಮೆ ಸರಕಾರದ ಬಸ್ತಿ ದವಾಖಾನೆಯವರು ಗಲ್ಲಿಗೆ ಬಂದು ಎಲ್ಲರನ್ನೂ ತಪಾಸಣೆ ಮಾಡಿದಾಗ ಗಂಗಾಬಾಯಿಯ ರಕ್ತದೊತ್ತಡ ಬಹಳ ಏರಿದೆ ಎಂದು ಗೊತ್ತಾಯಿತು. ಗುಳಿಗೆ ಕೊಟ್ಟರು. ಮೊದಲ ಸ್ಟ್ರಿಪ್ ಮುಗಿಯುವವರೆಗೆ ನುಂಗಿದಳು. ಆಮೇಲೆ ಬಿಟ್ಟಳು. ಮಗ ಅರವಿಂದ್ ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ಗುಳಿಗೆ ಪ್ಯಾಕ್ ಮಾಡುವ ವಿಭಾಗದಲ್ಲಿದ್ದಾನೆ.

"ಊರ ಮಂದಿಗೆಲ್ಲಾ ಗುಳಿಗಿ ಕಳಸಾಂವ ನಾನು, ನನ್ನ ಅವ್ವನೇ ನುಂಗಂಗಿಲ್ಲ" ಎಂದು ಆತ ರೇಗುತ್ತಿದ್ದ.

"ತಲಿ ನೋಯಂಗಿಲ್ಲ, ಕಣ್ಣು ಮಂಜ ಆಗಂಗಿಲ್ಲ. ಬ್ಯಾನಿನೇ ಇಲ್ಲದಾಗ ಗುಳಿಗಿ ಯಾಕಪಾ?"

ಸೊಸೆ ಸಪ್ನಾ ಜಗಳವಾಡುವವಳಲ್ಲ. ದಿನಾ ಮುಂಜಾನೆ ಹಿಟ್ಟಿನ ಪರಾತದ ಪಕ್ಕ ಒಂದು ಗುಳಿಗೆ, ಒಂದು ಲೋಟ ನೀರು ಇಟ್ಟು ಹೋಗುತ್ತಿದ್ದಳು. ಗಂಗಾಬಾಯಿ ನೀರು ಕುಡಿಯುತ್ತಿದ್ದಳು. ಗುಳಿಗೆ ಒಲೆಯ ಹಿಂದಿನ ಗೋಡೆಯ ಬಿರುಕಿಗೆ ಹೋಗುತ್ತಿತ್ತು. ಸಾಲದ್ದಕ್ಕೆ ಬಾಯಲ್ಲಿ ಸದಾ ಎಲೆ, ಅಡಿಕೆ, ತಂಬಾಕು. ಒಲೆಯ ಮುಂದಿನ ಕಾವು ತಡೆಯಲು ಅದು ಬೇಕೇ ಬೇಕು ಎನ್ನುತ್ತಿದ್ದಳು.

ಅದೊಂದು ಬೇಸಿಗೆಯ ಮಧ್ಯಾಹ್ನ. ಕಾರ್ಖಾನೆಯ ಊಟದ ಸೈರನ್ ಆಗಷ್ಟೇ ಆಗಿತ್ತು. ಬೆಂಚುಗಳು ತುಂಬಿದ್ದವು. ಗಂಗಾಬಾಯಿ ಒಂದು ರೊಟ್ಟಿಯನ್ನು ಹಂಚಿಗೆ ಹಾಕಿ, ಮುಂದಿನ ಉಂಡೆಯನ್ನು ಬಡಿಯಲು ಶುರುಮಾಡಿದ್ದಳು. ಸಪ್ಪಳ ನಡುವೆಯೇ ನಿಂತಿತು. ತಲೆ ಎತ್ತಿ ನೋಡಿದರೆ ಆಕೆಯ ಬಲಗೈ ಹಲಗೆಯಿಂದ ಜಾರಿ ಪಕ್ಕಕ್ಕೆ ಬಿದ್ದಿತ್ತು, ಒದ್ದೆ ಅರಿವೆ ಬಿದ್ದ ಹಾಗೆ. ಆಕೆ ಅದನ್ನು ಎಡಗೈಯಿಂದ ಎತ್ತಿ ಮತ್ತೆ ಹಿಟ್ಟಿನ ಮೇಲೆ ಇಟ್ಟುಕೊಂಡಳು. ಅದು ಮತ್ತೆ ಜಾರಿತು. ಏನೋ ಹೇಳಿದಳು. ಬಾಯಿತುಂಬ ತುತ್ತು ಇಟ್ಟುಕೊಂಡವರ ಮಾತಿನಂತೆ ಕೇಳಿತು. ತುಟಿಯ ಒಂದು ಬದಿ ಕೆಳಗೆ ಇಳಿದಿತ್ತು.

"ಲಕ್ವಾ! ಲಕ್ವಾ ಹೊಡೀತು!" ಎಂದು ಗೊಲ್ಲಾಳಪ್ಪ ಕೂಗಿದ. ಆತ ಸಿಂದಗಿ ಕಡೆಯವನು. ಉಪ್ಪಲ್ ಸೈಟಿನಲ್ಲಿ ಕಬ್ಬಿಣದ ಸಳಿ ಕಟ್ಟುವ ಕೆಲಸ. ಅವತ್ತು ರಜೆಯೆಂದು ಖಾನಾವಳಿಗೇ ಊಟಕ್ಕೆ ಬಂದಿದ್ದ.

ಯಾರೋ ನೀರು ತಂದು ಬಾಯಿಗೆ ಹಿಡಿಯಲು ಹೋದರು. ಸಪ್ನಾ ಲೋಟವನ್ನು ತಳ್ಳಿಬಿಟ್ಟಳು.

"ನೀರು ಹಾಕಬ್ಯಾಡ್ರಿ! ನುಂಗಾಕ ಬರಂಗಿಲ್ಲ ಈಗ. ಉಸುರಿನ ನಳಿಗ್ಯಾಗ ಹೋಗ್ತದ." ಅತ್ತೆಯನ್ನು ಚಾಪೆಯ ಮೇಲೆ ಒಂದು ಮಗ್ಗುಲಿಗೆ ಮಲಗಿಸಿದಳು.

ಗೊಲ್ಲಾಳಪ್ಪ ಮುಂದೆ ಬಂದ. "ತಂಗೀ, ನನ್ನ ಮಾತು ಕೇಳು. ನಮ್ಮ ಕಡೆ ಲಕ್ವಾಕ್ಕ ಔಷಧ ಕೊಡಾವರು ಅದಾರ. ಪಾರಿವಾಳ ಕೊಯ್ದು ಬಿಸಿ ರಕ್ತ ತಿಕ್ಕಿದ್ರ ಕೈ ಏಳ್ತದ. ಈಗ ಗಾಡಿ ಮಾಡಿದ್ರ ಹೊತ್ತು ಮುಳುಗೂದ್ರಾಗ ಮುಟ್ತೀವಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಇಬ್ಬರು ಮೂವರು ಹೌದೆಂದು ತಲೆಯಾಡಿಸಿದರು. ಸಪ್ನಾ ಎದ್ದು ನಿಂತಳು. ಆ ಮನೆಯಲ್ಲಿ ಆಕೆಯ ಧ್ವನಿ ಅಷ್ಟು ಗಟ್ಟಿಯಾಗಿ ನಾನು ಕೇಳಿದ್ದು ಅದೇ ಮೊದಲು.

"ನಮ್ಮಪ್ಪಗ ತಿಕ್ಕಿದ್ರಣ್ಣಾ ಅದನ್ನ. ರಕ್ತ ತಿಕ್ಕಿ, ಎಣ್ಣಿ ಹಚ್ಚಿ, ಕಂಬಳಿ ಹೊಚ್ಚಿ ಮಲಗಿಸಿದ್ರು. ದವಾಖಾನಿಗೆ ಒಯ್ಯೂದ್ರಾಗ ಹೊತ್ತು ಮೀರಿತ್ತು. ಜಲ್ದಿ ತಂದಿದ್ರ ಸೂಜಿ ಕೊಡತಿದ್ವಿ ಅಂದ್ರು ಅಲ್ಲಿ. ಇವತ್ತಿಗೂ ನನ್ನ ಹೆಸರು ಹಿಡಿದು ಕರ್ಯಾಕ ಬರಂಗಿಲ್ಲ ನಮ್ಮಪ್ಪಗ. ನಮ್ಮತ್ತಿಗೆ ಹಂಗ ಆಗಾಕ ಬಿಡಂಗಿಲ್ಲ ನಾ."

ಅಷ್ಟು ಹೇಳಿ ನೂರಾಎಂಟಕ್ಕೆ ಫೋನ್ ಮಾಡಿದಳು.

ಆಂಬುಲೆನ್ಸ್ ಬಂದಾಗ ಗಲ್ಲಿಯವರು ಪಕ್ಕದ ನರ್ಸಿಂಗ್ ಹೋಮಿಗೆ ಒಯ್ಯಲು ಹೇಳಿದರು. ಆಂಬುಲೆನ್ಸಿನವನು ಒಪ್ಪಲಿಲ್ಲ. ಅಲ್ಲಿ ತಲೆಯ ಸ್ಕ್ಯಾನ್ ಇಲ್ಲ, ಅಲ್ಲಿಗೆ ಹೋಗಿ ಮತ್ತೆ ಬೇರೆ ಕಡೆ ಓಡುವಷ್ಟರಲ್ಲಿ ಹೊತ್ತು ಕಳೆಯುತ್ತದೆ ಎಂದ. ಸಪ್ನಾ ಜೊತೆಗೆ ಹತ್ತಿದಳು. ನಾನು ಬೈಕಿನಲ್ಲಿ ಹಿಂದೆಯೇ ಹೋದೆ. ದೊಡ್ಡ ಆಸ್ಪತ್ರೆಯ ಬಾಗಿಲಲ್ಲೇ ವೈದ್ಯರು ಕೇಳಿದ ಮೊದಲ ಪ್ರಶ್ನೆ: ಕೊನೆಯ ಸಲ ಸರಿಯಾಗಿದ್ದದ್ದು ಯಾವಾಗ?

"ಊಟದ ಸೈರನ್ ಆದಾಗ ಚಲೋ ಇದ್ರು. ನಮ್ಮೆಲ್ಲರ ಕಣ್ಣ ಮುಂದ" ಎಂದು ಸಪ್ನಾ ಹಿಂದಿಯಲ್ಲಿ ತಡವರಿಸದೆ ಹೇಳಿದಳು.

ಬೆರಳು ಚುಚ್ಚಿ ಸಕ್ಕರೆ ನೋಡಿದರು, ಸ್ಕ್ಯಾನಿಗೆ ಒಯ್ದರು. ಅಷ್ಟರಲ್ಲಿ ಕಾಶಿನಾಥ ಉಪ್ಪಲ್‌ನಿಂದ ಟ್ರಾಲಿ ಓಡಿಸಿಕೊಂಡು ಬಂದ. ಹಿಂದೆ ಖಾಲಿ ಬುತ್ತಿ ಡಬ್ಬಿಗಳು ಗಲಗಲ ಎನ್ನುತ್ತಿದ್ದವು. ವೈದ್ಯರು ಆತನನ್ನು ಕೂಡಿಸಿ ವಿವರಿಸಿದರು. ಮಿದುಳಿನಲ್ಲಿ ರಕ್ತ ಸೋರಿಲ್ಲ. ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದೆ. ಅದನ್ನು ಕರಗಿಸುವ ಚುಚ್ಚುಮದ್ದು ಇದೆ, ಆದರೆ ಶುರುವಾದ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಒಳ್ಳೆಯದು. ಈಗ ಒತ್ತಡ ತೀರ ಮೇಲಿದೆ, ಮೊದಲು ಅದನ್ನು ಇಳಿಸುತ್ತಿದ್ದೇವೆ. ಚುಚ್ಚುಮದ್ದಿನಿಂದ ಕೆಲವರಿಗೆ ಮಿದುಳಿನಲ್ಲಿ ರಕ್ತಸ್ರಾವ ಆಗುವ ಅಪಾಯವೂ ಉಂಟು. ನೀವು ಒಪ್ಪುತ್ತೀರಾ?

ಕಾಶಿನಾಥ ಟವೆಲಿನಿಂದ ಮುಖ ಒರೆಸಿಕೊಂಡ. ಮಗ ಇನ್ನೂ ಜೀಡಿಮೆಟ್ಲಾದಿಂದ ದಾರಿಯಲ್ಲಿದ್ದ. ಕಾಶಿನಾಥ ಸೊಸೆಯ ಕಡೆ ತಿರುಗಿದ.

"ನೀ ಏನಂತೀ ಯವ್ವಾ?"

ಮಾವ ತನ್ನನ್ನು ಕೇಳಿದ್ದು ಸಪ್ನಾಗೆ ಒಂದು ಗಳಿಗೆ ನಂಬಿಕೆಯಾಗಲಿಲ್ಲ. ಸೆರಗು ಸರಿಪಡಿಸಿಕೊಂಡು, "ಕೊಡಸ್ರಿ ಮಾವಾ" ಎಂದಳು.

"ಕೊಡ್ರಿ ಡಾಕ್ಟರ್ ಸಾಬ್" ಎಂದ ಕಾಶಿನಾಥ.

ಮರುದಿನ ಗಂಗಾಬಾಯಿಯ ಮಾತು ತಿರುಗಿ ಬಂತು. ತೊದಲು ಇತ್ತು, ಆದರೆ ಅರ್ಥವಾಗುತ್ತಿತ್ತು. "ಹಂಚಿನ ಮ್ಯಾಲಿನ ರೊಟ್ಟಿ ಯಾರು ತಗದ್ರಿ?" ಎಂದು ಕೇಳಿದಳಂತೆ ಮೊದಲು. ಸೋತಿದ್ದ ಬಲಗಾಲು ಕೂಡ ನಿಧಾನವಾಗಿ ನೆಲಕ್ಕೆ ಊರತೊಡಗಿತು. ಬಲಗೈ ಮಾತ್ರ ಹಟ ಹಿಡಿದು ಕೂತಿತು. ಮನೆಗೆ ಕಳಿಸುವಾಗ ವೈದ್ಯರು ಒತ್ತಡದ ಗುಳಿಗೆ, ರಕ್ತ ಹೆಪ್ಪುಗಟ್ಟದಂತೆ ಒಂದು, ಕೊಬ್ಬಿಗೆ ಒಂದು ಬರೆದುಕೊಟ್ಟರು. ಒಂದನ್ನೂ ತಾವಾಗಿ ನಿಲ್ಲಿಸಬಾರದು, ತಂಬಾಕು ಮುಟ್ಟಬಾರದು, ಉಪ್ಪು ಕಡಿಮೆ ಮಾಡಬೇಕು ಎಂದು ಖಡಾಖಂಡಿತವಾಗಿ ಹೇಳಿದರು. ಒತ್ತಡ ತಲೆನೋವು ಕೊಟ್ಟು ಬರುವುದಿಲ್ಲ ತಾಯೀ, ಸದ್ದಿಲ್ಲದೆ ಬರುತ್ತದೆ ಎಂದರು. ಗಂಗಾಬಾಯಿ ಎಡಗೈ ಚಾಚಿ ಗುಳಿಗೆಯ ಚೀಟಿ ಇಸಿದುಕೊಂಡಳು.

ಕೈಗೆ ವ್ಯಾಯಾಮ ಮಾಡಿಸಲು ತನ್ವಿ ಎಂಬ ಫಿಸಿಯೊಥೆರಪಿಸ್ಟ್ ಬರತೊಡಗಿದಳು. ಉಪ್ಪಲ್‌ನ ತೆಲುಗು ಹುಡುಗಿ, ಮಾತು ಮೆತ್ತಗೆ, ಕೆಲಸ ಬಿಗಿ. ಮೊದಲ ದಿನ ಹಿಸುಕಲು ಒಂದು ಸ್ಪಂಜಿನ ಚೆಂಡು ಕೊಟ್ಟಳು. ಗಂಗಾಬಾಯಿ ಅದನ್ನು ಎಡಗೈಯಿಂದ ತೆಗೆದು ಬಾಗಿಲ ಹೊರಗೆ ಎಸೆದಳು.

"ಚಂಡಾಡೂ ವಯಸ್ಸೇನು ನಂದು?"

ತನ್ವಿ ಸಿಟ್ಟಾಗಲಿಲ್ಲ. ಈ ಕೈ ಮೊದಲು ಏನು ಕೆಲಸ ಮಾಡುತ್ತಿತ್ತು ಎಂದು ಕಾಶಿನಾಥನನ್ನು ಕೇಳಿದಳು. ಮುಂದಿನ ಸಲ ಬಂದವಳೇ ಜೋಳದ ಹಿಟ್ಟು, ಬಿಸಿನೀರು ತರಿಸಿದಳು. "ಹಿಟ್ಟು ನಾದು ಅಮ್ಮಾ" ಎಂದಳು. ಎಡಗೈಯನ್ನು ಬಲಗೈಯ ಮೇಲಿಟ್ಟು, ಎರಡನ್ನೂ ಕೂಡಿಸಿ ಒತ್ತುವುದು. ಉಂಡೆ ಮಾಡುವುದು, ಮುರಿಯುವುದು, ಮತ್ತೆ ಮಾಡುವುದು. ಬೆರಳು ಬಿಡಿಸಿ ಹಿಟ್ಟಿನಲ್ಲಿ ಒಂದೊಂದೇ ಗುರುತು ಮೂಡಿಸುವುದು. ಗಂಗಾಬಾಯಿ ಬೈದಳು, ಬೆವರಿದಳು, ಆದರೆ ಹಿಟ್ಟಿನ ಪರಾತ ಮಾತ್ರ ಬಿಡಲಿಲ್ಲ. ಒಂದು ದಿನ ಬಡಿಯಲು ಹೋಗಿ ರೊಟ್ಟಿ ನಡುವೆ ಹರಿದಾಗ ಗೋಡೆಯ ಕಡೆ ಮುಖ ಮಾಡಿ ಅತ್ತದ್ದೂ ಉಂಟು. ತನ್ವಿ ಪಕ್ಕದಲ್ಲಿ ಕೂತು, ಅಳು ಮುಗಿದ ಮೇಲೆ, "ಇನ್ನೊಂದು" ಎಂದಳಂತೆ.

ಅಷ್ಟೂ ದಿನ ಖಾನಾವಳಿ ನಡೆಸಿದವಳು ಸಪ್ನಾ. ಆಕೆಯ ರೊಟ್ಟಿ ದಪ್ಪ. ನಾವು ಅದನ್ನೇ ಮುರಿದು ತಿಂದು ಎದ್ದು ಹೋಗುತ್ತಿದ್ದೆವು. ಒಳಗಿನ ಕೋಣೆಯ ಮಂಚದಿಂದ ಮಾತ್ರ ಕೂಗು ಬರುತ್ತಿತ್ತು.

"ಬರೀ ಅಂಗೈಲೆ ಕುಟ್ಟಬ್ಯಾಡ! ಬೆರಳ ತುದೀಲೆ ಅಂಚು ಸರಸು! ನನಗ ಸಪ್ಪಳದಾಗ ತಿಳೀತದ!"

"ಹೂನ್ರಿ ಅತ್ತೀ!"

ಹೀಗೆ ಮಂಚದ ಮೇಲಿಂದಲೇ ಸೊಸೆಗೆ ರೊಟ್ಟಿ ಕಲಿಸಿದಳು. ದಿನವೂ ಕೂಗಿ ಕೂಗಿ ನಾಲಿಗೆಯ ತೊದಲೂ ಹೋಯಿತು. ಅದೂ ಒಂದು ವ್ಯಾಯಾಮವೇ, ತಡೆಯಬೇಡಿ ಎಂದು ತನ್ವಿ ನಕ್ಕಿದ್ದಳು.

ಮಳೆಗಾಲ ಬಂದು ಗಲ್ಲಿಯಲ್ಲಿ ನೀರು ನಿಲ್ಲುವ ಹೊತ್ತಿಗೆ ಗಂಗಾಬಾಯಿ ಒಲೆಯ ಮುಂದೆ ಬಂದು ಕೂತಳು. ಊಟದ ಗದ್ದಲ ಮುಗಿದಿತ್ತು. ನಾವು ನಾಲ್ಕೈದು ಜನ ಮಳೆ ನಿಲ್ಲಲಿ ಎಂದು ಕಾಯುತ್ತಿದ್ದೆವು. ಆಕೆ ಉಂಡೆ ತೆಗೆದುಕೊಂಡು ಬಡಿಯಲು ಶುರುಮಾಡಿದಳು. ಸಪ್ಪಳ ಮೊದಲಿನಂತಿರಲಿಲ್ಲ. ಬಲಗೈ ಒಂದು ಏಟು ಹಾಕಿ ಸುಧಾರಿಸಿಕೊಳ್ಳುತ್ತಿತ್ತು, ಮತ್ತೆ ಒಂದು ಏಟು.  ರೊಟ್ಟಿ ಗುಂಡಗಾಗಲಿಲ್ಲ, ಒಂದು ಕಡೆ ಜೋತುಬಿದ್ದಿತ್ತು. ಆದರೆ ಹರಿಯಲಿಲ್ಲ. ಎರಡೂ ಕೈಯಿಂದ ಎತ್ತಿ ಹಂಚಿಗೆ ಹಾಕಿದಳು. ಅದು ಉಬ್ಬಿತು.

ಕಾಶಿನಾಥ ಕೈ ಚಾಚಿದ. ಆಕೆ ಅವನ ಕೈ ಸರಿಸಿದಳು.

"ಇದು ನಿಮಗಲ್ಲ. ಸಪ್ನಾ, ಬಾ ಇಲ್ಲಿ. ಕೂಡು."

ಆ ಮನೆಯಲ್ಲಿ ಸೊಸೆ ಎಲ್ಲರೂ ಉಂಡ ಮೇಲೆ ಉಣ್ಣುವವಳು. ಸಪ್ನಾ ನಿಂತೇ ಇದ್ದಳು.

"ಕೂಡು ಅಂದ್ನಿ. ನನ್ನ ಮುಂದ ಕುಂತು ತಿನ್ನು. ಈ ಕೈ ನೀ ಉಳಿಸೀದಿ. ಮೊದಲ ರೊಟ್ಟಿ ನಿನಗಲ್ಲದ ಮತ್ಯಾರಿಗೆ?"

ಸಪ್ನಾ ಕೂತಳು. ಪುಂಡಿಪಲ್ಯ ಹಚ್ಚಿಕೊಂಡು ತಿಂದಳು. ಗಂಗಾಬಾಯಿ ಕೊನೆಯ ತುತ್ತಿನವರೆಗೆ ಕದಲದೆ ನೋಡುತ್ತ ಕೂತಿದ್ದಳು.

ಅಲ್ಲಿಂದ ಖಾನಾವಳಿಯ ರೀತಿನೀತಿ ಬದಲಾಯಿತು. ಆಕೆ ತನ್ನ ಗುಳಿಗೆಗಳನ್ನು ಈಗ ಎಲ್ಲರ ಎದುರೇ, "ನೋಡ್ಕೋರಿ" ಎಂದು ಹೇಳಿ ನುಂಗುತ್ತಾಳೆ. ತಂಬಾಕು ಬಿಡುವುದು ಕೈ ಎತ್ತುವುದಕ್ಕಿಂತ ಕಷ್ಟವಾಯಿತಂತೆ. ಅದಕ್ಕಾಗಿ ಬಾಯಲ್ಲಿ ಸೋಂಪು ಇಟ್ಟುಕೊಳ್ಳುತ್ತಾಳೆ. ಕರಿದ ಹಪ್ಪಳ ನಿಂತಿತು. ಉಪ್ಪಿನಕಾಯಿ ಕೇಳಿದವರಿಗೆ ಮಾತ್ರ, ಅದೂ ಬೆರಳ ತುದಿಯಷ್ಟು. ಪಲ್ಯಕ್ಕೆ ಉಪ್ಪು ಕಡಿಮೆಯಾಗಿ ಹುಳಿ, ಬೆಳ್ಳುಳ್ಳಿ ಹೆಚ್ಚಿತು. ಮೊದಮೊದಲು ಗೊಣಗದವರಿಲ್ಲ.

"ಬಾಯೀ, ಪಲ್ಯ ಸಪ್ಪಗ ಆಗೈತಲ್ರಿ."

"ಪಲ್ಯ ಸಪ್ಪಗಿಲ್ಲಪಾ, ನಿನ್ನ ನಾಲಿಗಿ ಜಡ್ಡುಗಟ್ಟೈತಿ. ಒಂದು ತಿಂಗಳ ತಿನ್ನು, ರುಚಿ ತಾನೇ ಹತ್ತತೈತಿ."

ಹತ್ತಿತು. ಈಗ ಬೇರೆ ಕಡೆಯ ಊಟ ನನಗೆ ಉಪ್ಪುಪ್ಪು ಎನಿಸುತ್ತದೆ.

ಅರವಿಂದ್ ಒತ್ತಡ ನೋಡುವ ಯಂತ್ರ ತಂದುಕೊಟ್ಟ. ಗಿರಾಕಿಗಳು ಕೈತೊಳೆದು, ಒಂದಿಷ್ಟು ಹೊತ್ತು ಸುಮ್ಮನೆ ಕೂತು, ಸಪ್ನಾ ಮುಂದೆ ತೋಳು ಚಾಚಬೇಕು. ಹೆಚ್ಚಿಗೆ ಬಂದರೆ ಇನ್ನೊಂದು ದಿನ ಮತ್ತೆ ನೋಡುವುದು, ಆಗಲೂ ಹಾಗೇ ಇದ್ದರೆ ಬಸ್ತಿ ದವಾಖಾನೆಗೆ ಕಳಿಸುವುದು. ಹಾಗೆ ಸಿಕ್ಕಿಬಿದ್ದವರಲ್ಲಿ ಗೊಲ್ಲಾಳಪ್ಪನೂ ಒಬ್ಬ.

"ನನಗೇನಾಗೈತಿ ಅಕ್ಕಾ? ಕಬ್ಬಿಣದ ಸಳಿ ಬಗ್ಗಸಾಂವ ನಾನು!"

"ನಾನೂ ಕಾಂಕ್ರೀಟ್ ಹೊತ್ತಾಕಿನೇ ತಮ್ಮಾ. ಹೋಗು, ಡಾಕ್ಟರಿಗೆ ತೋರಿಸಿ ಬಾ. ಆಮ್ಯಾಲ ರೊಟ್ಟಿ."

ಆತ ಹೋಗಿಬಂದ. ದವಾಖಾನೆಯವರು ಗುಳಿಗೆ ಶುರುಮಾಡಿದರು. ಊಟಕ್ಕೆ ಬಂದಾಗಲೆಲ್ಲ ಗಂಗಾಬಾಯಿ, "ಇವತ್ತಿಂದು ನುಂಗಿದೇನು?" ಎಂದು ಕೇಳದೆ ತಾಟು ಇಡುತ್ತಿರಲಿಲ್ಲ. ಲಕ್ವಾ ಹೊಡೆದರೆ ಏನು ನೋಡಬೇಕು, ಏನು ಮಾಡಬೇಕು ಎಂಬುದನ್ನು ಬಡಿಸುತ್ತಲೇ ಎಲ್ಲರ ಕಿವಿಗೂ ತುಂಬುತ್ತಿದ್ದಳು: ಮುಖ ಸೊಟ್ಟ ಆಗೈತೇನು, ಎತ್ತಿದ ಕೈ ಕೆಳಗ ಬೀಳ್ತದೇನು, ಮಾತು ತೊದಲತೈತೇನು. ಒಂದಿದ್ದರೂ ಕಾಯಬಾರದು.

ಮುಂದಿನ ವರ್ಷ ಬೇಸಿಗೆಯ ಒಂದು ಮುಂಜಾನೆ, ಹೊತ್ತೇರಿದ ಮೇಲೆ, ಉಪ್ಪಲ್ ಸೈಟಿನಲ್ಲಿ ಜನಾರ್ದನ ಎಂಬ ವೆಲ್ಡರ್ ಚಹಾ ಕುಡಿದು ಎದ್ದವನು ಹೆಲ್ಮೆಟ್ ಎತ್ತಿಕೊಳ್ಳಲಾಗದೆ ಮತ್ತೆ ಕುಸಿದು ಕೂತ. ಬಿಸಿಲಿನ ಝಳ ಎಂದರು ಜೊತೆಯವರು. ಮಜ್ಜಿಗೆ ಕುಡಿಸಿ ನೆರಳಲ್ಲಿ ಮಲಗಿಸಲು ಹೊರಟರು. ಗೊಲ್ಲಾಳಪ್ಪ ಮಜ್ಜಿಗೆಯ ಗ್ಲಾಸಿಗೆ ಅಡ್ಡ ಬಂದ. "ಎರಡೂ ಕೈ ಎತ್ತಣ್ಣಾ" ಎಂದ. ಒಂದು ಕೈ ಮೇಲೇಳಲಿಲ್ಲ. ತಾನೇ ನೂರಾಎಂಟಕ್ಕೆ ಫೋನ್ ಮಾಡಿ, ಸ್ಕ್ಯಾನ್ ಇರುವ ಕಡೆಗೇ ಒಯ್ಯಬೇಕು ಎಂದು ಹೇಳಿ, ಜೊತೆಗೆ ಹೋಗಿ, ಯಾವಾಗ ಶುರುವಾಯಿತೆಂದು ವೈದ್ಯರಿಗೆ ಹೇಳಿದ. ಜನಾರ್ದನ ಕೆಲವು ವಾರಗಳಲ್ಲಿ ತನ್ನ ಕಾಲ ಮೇಲೆ ನಡೆದು ಮನೆಗೆ ಹೋದ. ನಡಿಗೆಯಲ್ಲಿ ಚೂರು ಎಳೆತ ಉಳಿದಿದೆ ಅಷ್ಟೇ.

ಈ ಸುದ್ದಿಯನ್ನು ಗೊಲ್ಲಾಳಪ್ಪ ಖಾನಾವಳಿಯಲ್ಲಿ ನಿಂತು ಹೇಳುವಾಗ ಗಂಗಾಬಾಯಿ ಹಂಚಿನ ಕಡೆ ನೋಡುವುದನ್ನೇ ಮರೆತಳು. ರೊಟ್ಟಿ ಸೀದು ಹೊಗೆ ಎದ್ದಿತು. ಆತ ಮುಗಿಸಿದ ಮೇಲೆ ಕಣ್ಣೊರೆಸಿಕೊಂಡು, ಮುಖ ಗಂಭೀರ ಮಾಡಿ ಕೇಳಿದಳು.

"ಯಾಕೋ ಗೊಲ್ಲಾಳಾ, ಪಾರಿವಾಳ ಸಿಗಲಿಲ್ಲೇನು?"

ಇಡೀ ಖಾನಾವಳಿ ನಕ್ಕಿತು. ಗೊಲ್ಲಾಳಪ್ಪನೂ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕ. ಅವತ್ತು ಅವನ ತಾಟಿಗೆ ಎಲ್ಲಕ್ಕಿಂತ ತೆಳ್ಳಗಿನ ರೊಟ್ಟಿ ಬಿತ್ತು.

ಆ ಘಟನೆಯ ನಂತರ ಸೈಟಿನ ಆಳುಗಳೇ ನಮ್ಮಲ್ಲಿಗೂ ಬಂದು ಒತ್ತಡ ನೋಡಿ ಎಂದು ಕರೆದರು. ಈಗ ರವಿವಾರ ಖಾನಾವಳಿಗೆ ಬಿಡುವು. ಟ್ರಾಲಿಯ ಹಿಂದೆ ಅತ್ತೆ, ಸೊಸೆ, ನಡುವೆ ಯಂತ್ರದ ಚೀಲ. ಮುಂದೆ ಕಾಶಿನಾಥ. ಕೂಲಿ ಶೆಡ್ಡುಗಳ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಗಂಗಾಬಾಯಿ ಕೂತರೆ, ಕನ್ನಡ, ತೆಲುಗು, ಹಿಂದಿ ಎಲ್ಲದರಲ್ಲೂ ಗದರುತ್ತಾಳೆ. ಯಾವ ಭಾಷೆಯ ಹೆಂಗಸರೂ ಅದನ್ನು ಬೈಗುಳವೆಂದು ತಿಳಿಯುವುದಿಲ್ಲ.

ಒಂದು ರವಿವಾರ ನಾನೂ ಜೊತೆಗೆ ಹೋಗಿದ್ದೆ. ಸೈಟಿಗೆ ಹೊಸದಾಗಿ ಬಂದ ಎಂಜಿನಿಯರ್ ಒತ್ತಡ ನೋಡಿಸಿಕೊಳ್ಳುವವರ ಸಾಲನ್ನು ದೂರದಿಂದ ನೋಡಿ, ಟ್ರಾಲಿಗೆ ಒರಗಿ ನಿಂತಿದ್ದ ಕಾಶಿನಾಥನ ಬಳಿ ಬಂದರು. ಕುರ್ಚಿಯಲ್ಲಿ ಕೂತು ಗದರುತ್ತಿರುವ ಈ ನರ್ಸಮ್ಮ ಯಾವ ಆಸ್ಪತ್ರೆಯವರು ಎಂದು ಹಿಂದಿಯಲ್ಲಿ ವಿಚಾರಿಸಿದರು. ಕಾಶಿನಾಥ ಹೆಗಲ ಟವೆಲ್ ತೆಗೆದು ಮಡಚಿ, ಮತ್ತೆ ಹೆಗಲ ಮೇಲೆ ಹಾಕಿಕೊಂಡು ನೆಟ್ಟಗೆ ನಿಂತ. ಆತನಿಗೆ ಹಿಂದಿ ಚೆನ್ನಾಗಿಯೇ ಬರುತ್ತದೆ. ಆದರೂ ಕನ್ನಡದಲ್ಲೇ ಹೇಳಿದ.

"ನರ್ಸ್ ಅಲ್ಲರಿ ಸಾಹೇಬ್ರ. ಆಕಿ ನಮ್ಮ ಮನಿಯಾಕಿ."